ಕರಾಚಿ–ಮುಂಬಯಿ: ಐನೂರೈವತ್ತು ಮೈಲಿಗಳ ಕಥೆ

ನಮ್ಮ ಹಿರಿಯರಿಗೆ ದೂರವನ್ನು ಅಳೆಯಲು ಎರಡು ಬಗೆಯ ಮಾನಗಳಿದ್ದುವು. ಹರದಾರಿ, ಗಾವುದ, ಯೋಜನ ಎಂಬುವು ಒಂದು ಬಗೆ; ಇವು ನೆಲದ ಅಳತೆಗಳು. ಕೂಗಳತೆ, ಒಂದು ಹೊತ್ತಿನ ದಾರಿ, ಎರಡು ದಿನದ ಪಯಣ ಎಂಬುವು ಇನ್ನೊಂದು ಬಗೆ. ಇವು ಮನುಷ್ಯನ ಗಂಟಲು, ಕಾಲು, ಅವನ ಎತ್ತುಗಳ ಕಸುವು, ಇವುಗಳನ್ನು ನೆಚ್ಚಿಕೊಂಡ ಅಳತೆಗಳು. ನಡುವೆ ಹೊಳೆ ತುಂಬಿ ಬಂದರೆ ಹರದಾರಿ ಬೆಳೆಯುವುದಿಲ್ಲ; ಒಂದು ಹೊತ್ತಿನ ದಾರಿ ಮಾತ್ರ ಮೂರು ಹೊತ್ತಿನದಾಗುತ್ತದೆ. ಹಳ್ಳಿಯವನೊಬ್ಬನನ್ನು ‘ಮುಂದಿನ ಊರು ಎಷ್ಟು ದೂರವಪ್ಪ?’ ಎಂದು ಕೇಳಿದರೆ ಅವನು ಸಾಮಾನ್ಯವಾಗಿ ಎರಡನೆಯ ಮಾನದಲ್ಲಿಯೇ ಉತ್ತರ ಹೇಳುತ್ತಾನೆ. ಪಟ್ಟಣವಾಸಿಗಳಾದ ನಾವು ಅದನ್ನು ಕೇಳಿ ನಗುವುದುಂಟು. ವಿಮಾನ ಸಂಚಾರದ ಚರಿತ್ರೆಯನ್ನು ಸ್ವಲ್ಪ ಮಟ್ಟಿಗೆ ಓದಿದ ಮೇಲೆ ನನಗೆ ಆ ನಗೆ ಉಡುಗಿಹೋಗಿದೆ.

ವಿಮಾನದ ವಿಷಯದಲ್ಲಿ ದೂರವೆಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ಭೂಮಿ ಗುಂಡಾಗಿರುವುದರಿಂದ ಎರಡು ಊರುಗಳ ನಡುವಣ ಅತ್ಯಂತ ಹತ್ತಿರದ ದಾರಿ ಭೂಪಟದ ಮೇಲೆ ಎಳೆದ ನೆಟ್ಟನೆಯ ಗೆರೆಯಲ್ಲ. ಆ ಎರಡು ಊರುಗಳನ್ನೂ ಭೂಗೋಳದ ಕೇಂದ್ರವನ್ನೂ ಹಾಯುವಂತೆ ಗೋಳವನ್ನು ಕತ್ತರಿಸಿದರೆ ಮೇಲ್ಮೈಯಲ್ಲಿ ಕಾಣುವ ಕಮಾನು. ಗಣಿತಜ್ಞರು ಇದನ್ನು ಮಹಾವೃತ್ತದ ಖಂಡವೆಂದು ಕರೆಯುತ್ತಾರೆ. ಈ ಲೆಕ್ಕದಲ್ಲಿ ಕರಾಚಿಗೂ ಮುಂಬಯಿಗೂ ಇರುವ ದೂರ ಸುಮಾರು 550 ಮೈಲಿ, ಎಂದರೆ 880 ಕಿಲೋಮೀಟರು. ಇದು 1932ರಲ್ಲಿಯೂ ಅಷ್ಟೇ ಇತ್ತು, ಈಗಲೂ ಅಷ್ಟೇ ಇದೆ. ಆದರೆ ಈ ದೂರವನ್ನು ದಾಟುವುದಕ್ಕೆ ಹಿಡಿಯುವ ಕಾಲ ಏರಿದೆ, ಇಳಿದಿದೆ, ಮತ್ತೆ ಏರಿದೆ. ಯಂತ್ರಗಳು ಉತ್ತಮವಾದಂತೆಲ್ಲ ಊರುಗಳು ಹತ್ತಿರವಾಗುತ್ತಲೇ ಹೋಗುತ್ತವೆ ಎಂಬ ನಂಬಿಕೆಯುಳ್ಳವರು ಈ ಒಂದು ದಾರಿಯ ಕಥೆಯನ್ನು ಅವಶ್ಯವಾಗಿ ಕೇಳತಕ್ಕದ್ದು.

ಕಥೆ ಆರಂಭವಾಗುವುದು ಲಂಡನ್ನಿನಲ್ಲಿ. 1929ರ ಮಾರ್ಚಿ 30ರಂದು ಇಂಪೀರಿಯಲ್ ಏರ್‌ವೇಸ್ ಎಂಬ ಆಂಗ್ಲೇಯ ಸಂಸ್ಥೆ ಲಂಡನ್ನಿನಿಂದ ಕರಾಚಿಗೆ ವಾರಕ್ಕೊಮ್ಮೆ ವಿಮಾನ ನಡೆಸಲು ತೊಡಗಿತು. ಹಡಗಿನಲ್ಲಿ ಸುಮಾರು ಎರಡು ವಾರ ಹಿಡಿಯುತ್ತಿದ್ದ ಟಪಾಲು ಏಳು ದಿನಗಳಲ್ಲಿ ಹಿಂದೂಸ್ಥಾನದ ಬಾಗಿಲನ್ನು ಮುಟ್ಟುವಂತಾಯಿತು. ಅದನ್ನು ‘ವಿಮಾನ ಪ್ರಯಾಣ’ ಎಂದು ಕರೆಯುವುದಕ್ಕೆ ಸ್ವಲ್ಪ ಔದಾರ್ಯ ಬೇಕು. ಪ್ರಯಾಣಿಕನು ಸ್ವಿಟ್ಜರ್ಲೆಂಡಿನ ಬಾಸೆಲ್ಲಿನವರೆಗೆ ಹಾರಿ, ಅಲ್ಲಿ ಇಳಿದು, ರೈಲು ಹತ್ತಿ ಆಲ್ಪ್ಸ್ ಪರ್ವತಗಳನ್ನು ದಾಟಿ ಜಿನೋವಾ ಸೇರುತ್ತಿದ್ದನು; ಅಲ್ಲಿಂದ ನೀರಿನ ಮೇಲಿಂದ ಏಳುವ ಹಾರುದೋಣಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ; ಬಳಿಕ ಮತ್ತೆ ನೆಲದ ವಿಮಾನದಲ್ಲಿ ಬಾಗ್ದಾದು, ಬಸ್ರಾಗಳ ಮೇಲೆ ಪರ್ಶಿಯಾದ ಕರಾವಳಿಯನ್ನು ಹಿಡಿದು ಕರಾಚಿಗೆ. ಪರ್ಶಿಯಾದ ಸರ್ಕಾರ ಕೊಟ್ಟಿದ್ದ ಅನುಮತಿ ಮುಗಿದುದರಿಂದ 1932ರ ಅಕ್ಟೋಬರಿನಲ್ಲಿ ಈ ದಾರಿ ಕೊಲ್ಲಿಯ ಇನ್ನೊಂದು ದಡಕ್ಕೆ, ಬಹರೈನ್ ಮತ್ತು ಶಾರ್ಜಾಗಳ ಕಡೆಗೆ, ಸರಿಯಬೇಕಾಯಿತು. ಆಕಾಶದಲ್ಲಿ ಬೇಲಿಯಿಲ್ಲವೆಂದು ಕವಿಗಳು ಹೇಳಬಹುದು. ವಿಮಾನದ ವೇಳಾಪಟ್ಟಿಯನ್ನು ಬರೆಯುವವನು ಹಾಗೆ ಹೇಳಲಾರ.

ಕರಾಚಿಯ ದ್ರಿಗ್ ರೋಡು ಮೈದಾನದಲ್ಲಿ ಆಗ ಒಂದು ವಿಚಿತ್ರವಾದ ಕಟ್ಟಡವಿದ್ದಿತು. ಆರ್-101 ಎಂಬ ದೈತ್ಯಾಕಾರದ ವಾಯುನೌಕೆಯನ್ನು ನಿಲ್ಲಿಸುವುದಕ್ಕಾಗಿ ಕಟ್ಟಿದ್ದ ಭಾರಿ ಕೊಟ್ಟಿಗೆ ಅದು. ಅನಿಲ ತುಂಬಿದ ಆ ನೌಕೆ ಇಂಗ್ಲೆಂಡಿನಿಂದ ಹೊರಟು ಕರಾಚಿಗೆ ಬರಬೇಕಾಗಿತ್ತು. 1930ರ ಅಕ್ಟೋಬರು 5ರಂದು ಫ್ರಾನ್ಸಿನ ಬೋವೆ ಪಟ್ಟಣದ ಬಳಿ ನೆಲಕ್ಕೆ ಬಿದ್ದು ಉರಿದುಹೋಯಿತು. ನಾಲ್ವತ್ತೆಂಟು ಮಂದಿ ಸತ್ತರು. ಬಾರದ ಅತಿಥಿಗಾಗಿ ಕಟ್ಟಿದ ಮನೆ ಮರುಭೂಮಿಯ ಅಂಚಿನಲ್ಲಿ ಬರಿದಾಗಿ ನಿಂತಿತು. ಸಾಮ್ರಾಜ್ಯದ ಎರಡು ತುದಿಗಳನ್ನು ಒಂದೇ ನೆಗೆತದಲ್ಲಿ ಕೂಡಿಸಬೇಕೆಂಬ ಹೆಬ್ಬಯಕೆಯ ಸ್ಮಾರಕದಂತೆ ಅದು ಬಹುಕಾಲ ಇದ್ದಿತು.

ಅದೇ ಮೈದಾನದಿಂದ ಎರಡು ವರ್ಷಗಳ ತರುವಾಯ, 1932ರ ಅಕ್ಟೋಬರು 15ರ ಬೆಳಗ್ಗೆ 6 ಗಂಟೆ 35 ನಿಮಿಷಕ್ಕೆ, ಒಂದು ಸಣ್ಣ ವಿಮಾನ ಮೇಲೆದ್ದಿತು. ಅದು ಪುಸ್ ಮಾತ್ ಎಂಬ ಜಾತಿಯದು, ಒಂದೇ ಯಂತ್ರ. ನಡೆಸುತ್ತಿದ್ದವರು ಜಹಾಂಗೀರ್ ರತನ್‌ಜೀ ದಾದಾಭಾಯಿ ಟಾಟಾ, ಇಪ್ಪತ್ತೆಂಟು ವರ್ಷದ ತರುಣ. 1929ರಲ್ಲಿ ಈ ದೇಶದಲ್ಲಿ ಕೊಟ್ಟ ಮೊದಲನೆಯ ವೈಮಾನಿಕ ಪರವಾನಗಿಯನ್ನು ಪಡೆದವರು. ಒಳಗೆ ಪ್ರಯಾಣಿಕರಿಲ್ಲ, ಇಂಪೀರಿಯಲ್ ವಿಮಾನ ಕರಾಚಿಯಲ್ಲಿ ಇಳಿಸಿದ್ದ ಟಪಾಲಿನ ಚೀಲಗಳು ಮಾತ್ರ. ಕೆಲವು ಡಜನ್ ಪೌಂಡುಗಳಿಗಿಂತ ಹೆಚ್ಚಿನ ತೂಕವಿರಲಿಲ್ಲ. ಲಂಡನ್ನಿನಿಂದ ಕರಾಚಿಯವರೆಗೆ ಗಾಳಿಯಲ್ಲಿ ಬಂದ ಕಾಗದ, ಅಲ್ಲಿಂದ ಮುಂದೆ ಮುಂಬಯಿಗೆ ಬರಲು ರೈಲನ್ನೇ ಕಾಯಬೇಕಾಗಿದ್ದ ಅಸಂಬದ್ಧತೆಯನ್ನು ನಿವಾರಿಸುವುದೇ ಈ ಸಾಹಸದ ಉದ್ದೇಶ. ಆ ರೈಲುದಾರಿ ಸಿಂಧದ ಹೈದರಾಬಾದಿನ ಮೇಲೆ ಮಾರವಾಡವನ್ನು ಬಳಸಿ ಅಹಮದಾಬಾದಿಗೆ ಬರುತ್ತಿತ್ತು. ಅಲ್ಲಿ ಕಿರುಹಳಿಯ ಗಾಡಿಯಿಂದ ಅಗಲಹಳಿಯ ಗಾಡಿಗೆ ಬದಲಾಯಿಸಬೇಕು. ಕಛ್ಛದ ರಣವೆಂಬ ಉಪ್ಪಿನ ಬಯಲು ನಡುವೆ ಹರಡಿಕೊಂಡಿರುವುದರಿಂದ ನೇರವಾಗಿ ಹಳಿ ಹಾಕುವುದು ಯಾರಿಂದಲೂ ಆಗಿರಲಿಲ್ಲ.

ವಿಮಾನವೂ ನೇರವಾಗಿ ಬರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಅಷ್ಟು ಚಿಕ್ಕ ಯಂತ್ರ ಒಂದು ಸಲ ತುಂಬಿದ ಪೆಟ್ರೋಲಿನಲ್ಲಿ ಸಮುದ್ರದ ಮೇಲೆ 550 ಮೈಲಿ ನಿರ್ಭಯವಾಗಿ ಹಾರುವಂತಿರಲಿಲ್ಲ. ಆದಕಾರಣ ಪೂರ್ವಕ್ಕೆ ಬಾಗಿ ಅಹಮದಾಬಾದಿನಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಬಳಿಕ ದಕ್ಷಿಣಕ್ಕೆ ತಿರುಗಬೇಕು. ಇದರಿಂದ ದಾರಿ ಸುಮಾರು 640 ಮೈಲಿಯಾಯಿತು. ಅಹಮದಾಬಾದಿನಲ್ಲಿ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ. ನಾಲ್ಕು ಗ್ಯಾಲನ್ನಿನ ಡಬ್ಬಿಗಳಿಂದ ಕೈಯಲ್ಲಿಯೇ ಸುರಿದರು. ಇದನ್ನು ಬರೆದವರೆಲ್ಲ ಒಂದು ವಿನೋದವೆಂಬಂತೆ ಬರೆಯುತ್ತಾರೆ. ನನಗೆ ಅದರಲ್ಲಿ ವಿನೋದ ಕಾಣುವುದಿಲ್ಲ. ಎತ್ತು ಬಾರದಿದ್ದರೆ ವಿಮಾನ ಏಳುತ್ತಿರಲಿಲ್ಲ ಎಂಬ ಸತ್ಯ ಕಾಣುತ್ತದೆ.

ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ವಿಮಾನ ಮುಂಬಯಿಯ ಜುಹುವಿನಲ್ಲಿ ಇಳಿಯಿತು. ಒಟ್ಟು ಏಳೂಕಾಲು ಗಂಟೆ. ಹಾರಿದ ದಾರಿಯನ್ನು ಲೆಕ್ಕ ಹಾಕಿದರೆ, ತಂಗಿದ ಹೊತ್ತೂ ಸೇರಿ, ಗಂಟೆಗೆ 88 ಮೈಲಿ. ಎರಡು ನಗರಗಳ ನಡುವಣ ನಿಜವಾದ ದೂರವನ್ನು ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 75. ಯಂತ್ರದ ವೇಗ ಒಂದು, ಪ್ರಯಾಣದ ವೇಗ ಇನ್ನೊಂದು. ಈಗಿನ ವಿಮಾನ ಸಂಸ್ಥೆಗಳೂ ಈ ಭೇದವನ್ನು ಬಲ್ಲವು: ಅವುಗಳ ವೇಳಾಪಟ್ಟಿಯಲ್ಲಿ ಕಾಣುವ ಕಾಲ ಆಕಾಶದಲ್ಲಿ ಕಳೆದ ಕಾಲವಲ್ಲ; ಚಕ್ರಗಳಿಗೆ ಒಡ್ಡಿದ ತಡೆಗಳನ್ನು ಒಂದು ನಿಲ್ದಾಣದಲ್ಲಿ ತೆಗೆದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಮತ್ತೆ ಒಡ್ಡುವ ಕ್ಷಣದವರೆಗಿನದು. ಮನೆಯಿಂದ ನಿಲ್ದಾಣಕ್ಕೆ ಹೋಗುವ ಕಾಲವನ್ನು ಲೆಕ್ಕಕ್ಕೆ ಸೇರಿಸುವವರು ಮಾತ್ರ ಇನ್ನೂ ಹುಟ್ಟಿಲ್ಲ.

ಜುಹುವಿನಲ್ಲಿ ಚೀಲಗಳನ್ನು ಇನ್ನೊಂದು ಪುಸ್ ಮಾತ್ ವಿಮಾನಕ್ಕೆ ವರ್ಗಾಯಿಸಿದರು. ಅದನ್ನು ನಡೆಸಿದವರು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕ. ಈ ಯೋಜನೆಯ ಮೂಲ ಕಲ್ಪನೆ ಅವರದೇ. ಅವರು ಮದರಾಸಿನ ಕಡೆಗೆ ಹೊರಟು ಸಂಜೆಗೆ ಬಳ್ಳಾರಿಯಲ್ಲಿ ಇಳಿದರು. ಕನ್ನಡ ನಾಡಿನ ಪಟ್ಟಣವೊಂದು ಲಂಡನ್–ಮದರಾಸು ವಿಮಾನ ಟಪಾಲಿನ ದಾರಿಯಲ್ಲಿ ಹೀಗೆ ಒಂದು ಗಂಟಾಯಿತು. ಬಳ್ಳಾರಿ ಆಗ ಮದರಾಸು ಅಧಿಪತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರು 1ರಂದು. ಬಳ್ಳಾರಿಯಿಂದ ಮದರಾಸಿಗೆ ಉಳಿದಿದ್ದುದು ಸುಮಾರು 270 ಮೈಲಿ, ಮೂರು ಗಂಟೆಯ ಹಾರಾಟ. ಆದರೂ ವಿನ್ಸೆಂಟ್ ರಾತ್ರಿಯನ್ನು ಬಳ್ಳಾರಿಯಲ್ಲಿಯೇ ಕಳೆದು ಮರುದಿನ ಮದರಾಸನ್ನು ಸೇರಿದರು. ಕಾರಣ ಸ್ಪಷ್ಟ: ವಿಮಾನದಲ್ಲಿ ರೇಡಿಯೋ ಇರಲಿಲ್ಲ, ದಾರಿಯಲ್ಲಿ ದೀಪಗಳಿರಲಿಲ್ಲ; ಹೊಳೆ, ಗುಡ್ಡ, ರೈಲು ಹಳಿಗಳನ್ನು ಕಣ್ಣಿನಿಂದ ನೋಡಿ ದಾರಿ ಹುಡುಕಬೇಕು. ಕತ್ತಲೆಯಾದರೆ ಎಲ್ಲವೂ ನಿಂತುಹೋಗುತ್ತಿತ್ತು.

ಇಲ್ಲಿ ಒಂದು ಹಳೆಯ ನೆನಪು ಬರುತ್ತದೆ. ನಮ್ಮ ಮೈಸೂರಿನ ‘ಅಂಚೆ’ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಏರ್ಪಟ್ಟಿತೆಂದು ಹೇಳುತ್ತಾರೆ. 1889ರಲ್ಲಿ ಅದು ಬ್ರಿಟಿಷ್ ಹಿಂದೂಸ್ಥಾನದ ಟಪಾಲಿನೊಡನೆ ಸೇರಿಹೋಯಿತು, ಹೆಸರು ಮಾತ್ರ ನಮ್ಮ ಮಾತಿನಲ್ಲಿ ಉಳಿಯಿತು. ಒಬ್ಬ ಓಟಗಾರನು ತನ್ನ ಪಾಲಿನ ದಾರಿಯನ್ನು ಓಡಿ ಚೀಲವನ್ನು ಇನ್ನೊಬ್ಬನಿಗೆ ಕೊಡುತ್ತಾನೆ. ಆಳು ಮಲಗಿದರೂ ಕಾಗದ ಮಲಗುವುದಿಲ್ಲ. ಪಂಜು ಹಿಡಿದು ಕತ್ತಲಲ್ಲಿ ಓಡಿದ ಟಪಾಲಿನ ಆಳುಗಳು ನಮ್ಮ ದೇಶದಲ್ಲಿ ಎಷ್ಟೋ ಮಂದಿ. ರೈಲಂತೂ ರಾತ್ರಿಯಿಡೀ ಓಡುತ್ತದೆ. ಗಂಟೆಗೆ ನೂರು ಮೈಲಿ ಹಾರಬಲ್ಲ ಯಂತ್ರ ಮಾತ್ರ ಸೂರ್ಯಾಸ್ತವಾದೊಡನೆ ಕೋಳಿಯಂತೆ ಗೂಡು ಸೇರಬೇಕು. ಹಗಲು ಗಳಿಸಿದ ಕಾಲದ ಬಹುಭಾಗವನ್ನು ರಾತ್ರಿ ಕಳೆದುಕೊಳ್ಳುವುದು ಆ ಕಾಲದ ವಿಮಾನ ಟಪಾಲಿನ ದೊಡ್ಡ ಕೊರತೆಯಾಗಿತ್ತು. ಇದಕ್ಕೆ ಪೂರ್ಣ ಪರಿಹಾರ ದೊರೆತದ್ದು 1949ರ ಜನವರಿಯಲ್ಲಿ. ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಿಂದ ರಾತ್ರಿ ಹೊರಟ ನಾಲ್ಕು ವಿಮಾನಗಳು ನಾಗಪುರದಲ್ಲಿ ನಡುರಾತ್ರಿಯ ಹೊತ್ತಿಗೆ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ಹಿಂದಿರುಗುವ ಏರ್ಪಾಡು ಆಗ ಬಂದಿತು. ಅಂಚೆಯಾಳುಗಳ ಹಳೆಯ ಉಪಾಯವೇ ಅದು. ಓಡುವವನ ಬದಲು ಹಾರುವವನು ಬಂದನು.

ಮತ್ತೆ 1932ಕ್ಕೆ ಬರೋಣ. ಟಾಟಾ ಸಂಸ್ಥೆಯ ವಿಮಾನ ಶಾಖೆಗೆ ಜುಹುವಿನಲ್ಲಿ ಇದ್ದದ್ದು ಕೆಸರಿನ ಬಯಲು, ತಾಳೆಗರಿಯ ಹೊದಿಕೆಯ ಒಂದು ಗುಡಿಸಲು. ಮಳೆಗಾಲದಲ್ಲಿ ಆ ಬಯಲು ನೀರಿನಲ್ಲಿ ಮುಳುಗುತ್ತಿದ್ದುದರಿಂದ ವಿಮಾನಗಳನ್ನು ಪೂನಾಕ್ಕೆ ಸಾಗಿಸಿ ಅಲ್ಲಿಂದ ನಡೆಸಬೇಕಾಗಿತ್ತು. ಸರ್ಕಾರದಿಂದ ಸಹಾಯಧನವಿಲ್ಲ, ಹೊತ್ತ ಟಪಾಲಿನ ತೂಕಕ್ಕೆ ತಕ್ಕ ಕೂಲಿ ಮಾತ್ರ. ಹೀಗಿದ್ದೂ ವೇಳೆಗೆ ಸರಿಯಾಗಿ ಮುಟ್ಟಿಸುವುದರಲ್ಲಿ ಒಂದು ವರ್ಷ ಪೂರ್ತಿ, ಮುಂಗಾರಿನ ತಿಂಗಳುಗಳೂ ಸೇರಿ, ನೂರಕ್ಕೆ ನೂರು ಸಾಧನೆಯಾಯಿತೆಂದು ಸರ್ಕಾರದ ವಾರ್ಷಿಕ ವರದಿಯೇ ಮೆಚ್ಚಿಕೊಂಡಿತು. ಪಶ್ಚಿಮ ಘಟ್ಟಗಳ ಮೇಲೆ ಆಷಾಢದ ಮೋಡ ಕವಿದಿರುವುದನ್ನು ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಕಾಲಕ್ರಮದಲ್ಲಿ ಬಳ್ಳಾರಿಯ ಬದಲು ದಖ್ಖನ್ನಿನ ಹೈದರಾಬಾದು ಈ ದಾರಿಯ ನಿಲ್ದಾಣವಾಯಿತು. 1938ರಲ್ಲಿ ಸಾಮ್ರಾಜ್ಯದ ಕಾಗದಗಳನ್ನೆಲ್ಲ ಹೆಚ್ಚಿನ ಸುಂಕವಿಲ್ಲದೆ ವಿಮಾನದಲ್ಲಿ ಒಯ್ಯುವ ಯೋಜನೆ ಬಂದಾಗ ದಾರಿ ಕೊಲಂಬೊವರೆಗೆ ಬೆಳೆಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಸಂಸ್ಥೆ ಏರ್ ಇಂಡಿಯಾ ಎಂಬ ಹೆಸರನ್ನು ತಾಳಿತು. ಆಗ ಬಂದ ಡಕೋಟಾ ವಿಮಾನಗಳಿಗೆ ಅಹಮದಾಬಾದಿನ ಎತ್ತಿನ ಗಾಡಿ ಬೇಕಾಗಿರಲಿಲ್ಲ. ಅವುಗಳ ವೇಗದ ಲೆಕ್ಕದಲ್ಲಿ ಕರಾಚಿ–ಮುಂಬಯಿಗಳ ನಡುವೆ ಮೂರೂವರೆ ಗಂಟೆ ಸಾಕು.

ಯಂತ್ರದ ಕಥೆ ಇಲ್ಲಿಗೆ ಮುಗಿಯಿತೆನ್ನಬಹುದು. ಇನ್ನು ಮುಂದಿನದು ಮನುಷ್ಯರ ಕಥೆ.

1947ರ ಆಗಸ್ಟಿನಲ್ಲಿ ಕರಾಚಿ ಹೊಸ ರಾಷ್ಟ್ರವೊಂದರ ರಾಜಧಾನಿಯಾಯಿತು. 1948ರ ಜನವರಿ 6ರಂದು ಅಲ್ಲಿ ಗಲಭೆ ನಡೆದ ಮೇಲೆ ಸಿಂಧದ ಹಿಂದೂ ಕುಟುಂಬಗಳು ಸಾವಿರಾರು ಸಂಖ್ಯೆಯಲ್ಲಿ ಹೊರಟುವು. ಹೆಚ್ಚು ಮಂದಿ ಹಡಗುಗಳಲ್ಲಿ ಬಂದರು. ಕೆಲವರಿಗೆ ವಿಮಾನ ದೊರೆಯಿತು. ಅತ್ತ ಕಡೆಗೆ ಮುಂಬಯಿಯಿಂದ ಹೋದ ಮುಸಲ್ಮಾನ ಕುಟುಂಬಗಳೂ ಉಂಟು. ಇಲ್ಲಿಯವರೆಗೆ ಈ ದಾರಿಯಲ್ಲಿ ಹೋದವರೆಲ್ಲ ಹಿಂದಿರುಗುವ ದಿನವನ್ನು ಗೊತ್ತುಮಾಡಿಕೊಂಡು ಹೋದವರು. ಇವರು ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಬಂದು ಆ ಬೀಗವನ್ನು ಮತ್ತೆ ಕಾಣದವರು. ಅದೇ ವರ್ಷದ ಜುಲೈಯಲ್ಲಿ ಭಾರತ ಸರ್ಕಾರ ಪಾಕಿಸ್ತಾನದಿಂದ ಬರುವವರಿಗೆ ಪರವಾನಗಿಯ ಕಟ್ಟಳೆಯನ್ನು ತಂದಿತು. ಅಕ್ಟೋಬರಿನಲ್ಲಿ ಪಾಕಿಸ್ತಾನವೂ ಅಂಥದನ್ನೇ ಮಾಡಿತು. 1952ರಲ್ಲಿ ಪಾಸ್‌ಪೋರ್ಟು, ವೀಸಾಗಳು ಬಂದುವು. ವಿಮಾನ ಮೂರೂವರೆ ಗಂಟೆಯಲ್ಲಿ ಮುಟ್ಟಿಸಬಲ್ಲದು, ಆದರೆ ಹತ್ತುವುದಕ್ಕೆ ಮುಂಚೆ ಕಾಗದಕ್ಕಾಗಿ ಮೂರೂವರೆ ತಿಂಗಳು ಕಾಯಬೇಕಾದರೆ ಪ್ರಯಾಣದ ಕಾಲ ಎಷ್ಟೆಂದು ಬರೆಯಬೇಕು? 1951ರಲ್ಲಿ ಪಾಕಿಸ್ತಾನ ತನ್ನ ಗಡಿಯಾರವನ್ನೂ ಅರ್ಧ ಗಂಟೆ ಹಿಂದಕ್ಕೆ ಸರಿಸಿಕೊಂಡಿತು. ಅಂದಿನಿಂದ ಮುಂಬಯಿಯಿಂದ ಹೋದವನಿಗೆ ಕರಾಚಿಯಲ್ಲಿ ಅರ್ಧ ಗಂಟೆ ಲಾಭ. ಬರುವಾಗ ಅದನ್ನು ಹಿಂದಕ್ಕೆ ಕೊಡಬೇಕು.

ಇದರ ತರುವಾಯದ ಚರಿತ್ರೆಯನ್ನು ವಿಸ್ತರಿಸುವುದಿಲ್ಲ. 1965ರ ಯುದ್ಧದಲ್ಲಿ ದಾರಿ ಮುಚ್ಚಿತು. 1971ರ ಘಟನೆ ಮಾತ್ರ ಸ್ವಲ್ಪ ನಿಂತು ನೋಡತಕ್ಕದ್ದು. ಆ ವರ್ಷದ ಜನವರಿ 30ರಂದು ‘ಗಂಗಾ’ ಎಂಬ ಭಾರತೀಯ ವಿಮಾನವನ್ನು ಇಬ್ಬರು ಅಪಹರಿಸಿ ಲಾಹೋರಿಗೆ ಒಯ್ದರು. ಕೆಲವು ದಿನಗಳಲ್ಲಿ ಅದನ್ನು ಸುಟ್ಟುಹಾಕಿದರು. ಭಾರತವು ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳು ಹಾರಕೂಡದೆಂದು ತಡೆಯಿತು. ಪಾಕಿಸ್ತಾನಕ್ಕೆ ಆಗ ಎರಡು ಭಾಗಗಳು. ಕರಾಚಿಯಿಂದ ಢಾಕಾಕ್ಕೆ ಹೋಗುವ ವಿಮಾನ ಸಿಂಹಳದ ಕೊಲಂಬೊವನ್ನು ಬಳಸಿ ಹೋಗಬೇಕಾಯಿತು. ದಾರಿ ಇಮ್ಮಡಿಯಾಯಿತು. ಒಂದು ರಾಷ್ಟ್ರದ ಎರಡು ಅಂಗಗಳು ಒಂದೇ ವಾರದಲ್ಲಿ ಒಂದಕ್ಕೊಂದು ಎರಡರಷ್ಟು ದೂರ ಸರಿದುವು. ಆ ವರ್ಷ ಮುಗಿಯುವುದರೊಳಗೆ ಅವು ಎರಡು ರಾಷ್ಟ್ರಗಳಾದುವು. ದಾರಿ ಉದ್ದವಾದುದರಿಂದಲೇ ಹೀಗಾಯಿತೆಂದು ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ. ಆದರೆ ಪೂರ್ವಕ್ಕೆ ಸೈನ್ಯವನ್ನು ಸಾಗಿಸಬೇಕಾದ ಸೇನಾನಾಯಕರಿಗೆ ಆ ಉದ್ದದ ಅನುಭವ ಚೆನ್ನಾಗಿ ಆಗಿರಬೇಕು.

1976ರಲ್ಲಿ ಎರಡು ದೇಶಗಳ ನಡುವೆ ವಿಮಾನ ಸಂಚಾರ ಮತ್ತೆ ಆರಂಭವಾಯಿತು. ಜೆಟ್ ವಿಮಾನಗಳಿಗೆ ಮುಂಬಯಿ–ಕರಾಚಿ ಒಂದೂವರೆ ಗಂಟೆಯ ಸುಮಾರಿನ ಹಾರಾಟ. ಎರಡು ನಗರಗಳೂ ಪರಸ್ಪರ ಅತ್ಯಂತ ಹತ್ತಿರವಾಗಿದ್ದುದು, ಗಡಿಯಾರದ ಲೆಕ್ಕದಲ್ಲಿ, ಆ ವರ್ಷಗಳಲ್ಲಿಯೇ. 1982ರ ಅಕ್ಟೋಬರು 15ರಂದು, ಮೊದಲ ಹಾರಾಟದ ಐವತ್ತನೆಯ ವರ್ಷದ ದಿನ, ಎಪ್ಪತ್ತೆಂಟು ವರ್ಷದ ಜೆ. ಆರ್. ಡಿ. ಟಾಟಾ ಅವರು ಲೆಪರ್ಡ್ ಮಾತ್ ಎಂಬ ಹಳೆಯ ಜಾತಿಯ ಸಣ್ಣ ವಿಮಾನವನ್ನು ಒಬ್ಬರೇ ನಡೆಸಿಕೊಂಡು ಕರಾಚಿಯಿಂದ ಅಹಮದಾಬಾದಿನ ಮೇಲೆಯೇ ಮುಂಬಯಿಗೆ ಬಂದರು. ಅಂದು ಎರಡು ಸರ್ಕಾರಗಳೂ ಒಪ್ಪಿಗೆ ಕೊಟ್ಟಿದ್ದುವು.

1994ರ ಕೊನೆಯಲ್ಲಿ ಕರಾಚಿಯ ಭಾರತೀಯ ಕಾನ್ಸಲ್ ಕಚೇರಿ ಮುಚ್ಚಿತು. ಆಗ ಮುಂಬಯಿಯಲ್ಲಿರುವ ತಂಗಿಯನ್ನು ನೋಡಬೇಕೆಂಬ ಕರಾಚಿಯವನು 550 ಮೈಲಿ ಆಗ್ನೇಯಕ್ಕೆ ಹೋಗುವುದಕ್ಕಾಗಿ, ಉತ್ತರಕ್ಕೆ 700 ಮೈಲಿ ದೂರವಿರುವ ಇಸ್ಲಾಮಾಬಾದಿನ ಕಚೇರಿಯ ಕಡೆಗೆ ಮುಖ ಮಾಡಬೇಕಾಯಿತು. 2002 ಮತ್ತು 2003ರ ವರ್ಷಗಳಲ್ಲಿ ವಿಮಾನಗಳು ನಿಂತಿದ್ದುವು. 2004ರ ಜನವರಿಯಲ್ಲಿ ಮತ್ತೆ ಹಾರಿದುವು. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಬಹುಮಟ್ಟಿಗೆ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನ ಕೊಲೆಗಳ ತರುವಾಯ ಎರಡು ದೇಶಗಳೂ ಒಂದರ ವಿಮಾನಗಳಿಗೆ ಇನ್ನೊಂದು ತನ್ನ ಆಕಾಶವನ್ನು ಮುಚ್ಚಿದುವು.

ಇಂಥ ಸ್ಥಿತಿಯಲ್ಲಿ ಮುಂಬಯಿಯಿಂದ ಕರಾಚಿಗೆ, ವೀಸಾ ಕೈಯಲ್ಲಿದ್ದವನೇ ಆದರೂ, ಹೋಗುವ ಬಗೆ ಹೇಗೆ? ದುಬೈ ಮೊದಲಾದ ಮೂರನೆಯ ಊರೊಂದನ್ನು ಬಳಸಬೇಕು. ಮುಂಬಯಿಯಿಂದ ದುಬೈಗೆ ಸುಮಾರು 1,200 ಮೈಲಿ. ದುಬೈಯಿಂದ ಕರಾಚಿಗೆ 740. ಐನೂರೈವತ್ತು ಮೈಲಿಗೆ ಬದಲಾಗಿ ಹತ್ತೊಂಬತ್ತು ನೂರ ನಾಲ್ವತ್ತು, ಮೂರೂವರೆ ಪಾಲು. ಎರಡು ಹಾರಾಟಗಳಿಗೇ ಐದು ಗಂಟೆ ಕಳೆಯುತ್ತದೆ. ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಯಿಸುವುದಕ್ಕೆ ಎಷ್ಟು ಬಿಗಿಯಾಗಿ ಲೆಕ್ಕ ಹಾಕಿದರೂ ಇನ್ನೆರಡು ಗಂಟೆ ಬೇಕು. ಒಟ್ಟು ಏಳು ಗಂಟೆಗಿಂತ ಕಡಿಮೆಯಾಗುವುದು ಕಷ್ಟ. 1932ರಲ್ಲಿ ಗಂಟೆಗೆ ನೂರು ಮೈಲಿಯ ಪುಸ್ ಮಾತ್ ವಿಮಾನ, ಅಹಮದಾಬಾದಿನಲ್ಲಿ ಡಬ್ಬಿಗಳಿಂದ ಎಣ್ಣೆ ತುಂಬಿಸಿಕೊಂಡೂ, ತೆಗೆದುಕೊಂಡದ್ದು ಏಳೂಕಾಲು.

ಮನುಷ್ಯರಿಗೆ ಇಷ್ಟಾದರೂ ದಾರಿಯುಂಟು. ಈ ಮಾರ್ಗ ಹುಟ್ಟಿದ್ದು ಕಾಗದಗಳಿಗಾಗಿ. ಪಾಕಿಸ್ತಾನದಿಂದ ವಿಮಾನದಲ್ಲಾಗಲಿ ನೆಲದ ಮೇಲಾಗಲಿ ಬರುವ ಟಪಾಲು ಮತ್ತು ಪಾರ್ಸೆಲುಗಳ ವಿನಿಮಯವನ್ನು ಭಾರತ ಸರ್ಕಾರ 2025ರ ಮೇ ತಿಂಗಳ ಮೊದಲ ವಾರದಲ್ಲಿ ನಿಲ್ಲಿಸಿತು.